ಹಸುರಿನ ಅಡಿಯಲ್ಲಿ ಏನಿದೆ? ಗಾಲ್ಫ್ ಮೈದಾನವನ್ನು ಪರೀಕ್ಷಿಸುವ ಬಗೆ

ಎತ್ತನ್ನು ಕೊಳ್ಳಲು ಜಾತ್ರೆಗೆ ಹೋದ ರೈತನು ಅದರ ಮೈಬಣ್ಣವನ್ನು ಮಾತ್ರ ನೋಡಿ ಹಣ ಎಣಿಸುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಗೊರಸನ್ನು ಎತ್ತಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಗಾಲ್ಫ್ ಕ್ಲಬ್ಬಿಗೆ ಸದಸ್ಯರಾಗಲು ಹೊರಟವರಲ್ಲಿ ಅನೇಕರು ಇಷ್ಟು ಎಚ್ಚರವನ್ನು ತೋರುವುದಿಲ್ಲ. ಪ್ರವೇಶಶುಲ್ಕವು ಲಕ್ಷಗಟ್ಟಲೆ ರೂಪಾಯಿಗಳಷ್ಟಿರುವುದುಂಟು. ಒಮ್ಮೆ ಕೊಟ್ಟರೆ ಸಾಮಾನ್ಯವಾಗಿ ಅದು ಹಿಂದಕ್ಕೆ ಬರುವುದಿಲ್ಲ. ಹೀಗಿದ್ದರೂ ಅವರ ಕಣ್ಣಿಗೆ ಬೀಳುವುದು ಎರಡೇ: ಕ್ಲಬ್ಬಿನ ಕಟ್ಟಡ ಮತ್ತು ಮೈದಾನದ ಹಸುರು. ಕಟ್ಟಡಕ್ಕೂ ಆಟಕ್ಕೂ ಸಂಬಂಧವಿಲ್ಲ. ಹಸುರಾದರೋ, ಮೈದಾನದ ಆರೋಗ್ಯದ ವಿಷಯದಲ್ಲಿ ನಂಬತಕ್ಕ ಸಾಕ್ಷಿಯಲ್ಲ.

ಇದೇಕೆ? ಸಾರಜನಕದ ಗೊಬ್ಬರವನ್ನು ಧಾರಾಳವಾಗಿ ಹಾಕಿದರೆ ಕೆಲವೇ ದಿನಗಳಲ್ಲಿ ಹುಲ್ಲು ಕಡುಹಸುರಾಗುತ್ತದೆ. ಕಬ್ಬಿಣದ ಸಲ್ಫೇಟಿನ ತೆಳು ದ್ರಾವಣವನ್ನು ಸಿಂಪಡಿಸಿದರೆ ಇನ್ನೂ ಬೇಗನೆ ಬಣ್ಣವೇರುತ್ತದೆ. ಹುಲ್ಲಿನ ಮೇಲೆ ಸಿಂಪಡಿಸುವ ಹಸುರು ಬಣ್ಣವೇ ಮಾರಾಟಕ್ಕೆ ದೊರೆಯುತ್ತದೆ. ಮೈದಾನದ ನಿಜವಾದ ಬಾಳು ಇರುವುದು ಬೇರಿನಲ್ಲಿ, ಮಣ್ಣಿನಲ್ಲಿ, ನೀರು ಬರುವ ಮತ್ತು ಹೋಗುವ ದಾರಿಗಳಲ್ಲಿ. ಇವು ನೇರವಾಗಿ ಕಾಣುವುದಿಲ್ಲವಾದರೂ ಇವುಗಳ ಸ್ಥಿತಿಯನ್ನು ಹೊರಗಿನ ಕೆಲವು ಗುರುತುಗಳಿಂದ ತಿಳಿಯಬಹುದು. ಆ ಗುರುತುಗಳು ಯಾವುವು, ಅವುಗಳ ಹಿಂದಿರುವ ವಿಜ್ಞಾನವೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಹಸಿವಿನ ಅಂಚಿನಲ್ಲಿರುವ ಸಸ್ಯ

ಗಾಲ್ಫ್ ಆಟವನ್ನು ಕಾಣದ ವಾಚಕರಿಗಾಗಿ ಮೊದಲು ಎರಡು ಮಾತು. ಪೂರ್ಣಪ್ರಮಾಣದ ಮೈದಾನದಲ್ಲಿ 18 ಕುಳಿಗಳಿರುತ್ತವೆ. ಆಟಗಾರನು ಟೀ ಎಂಬ ಸಮತಟ್ಟಾದ ಜಾಗದಿಂದ ಚೆಂಡನ್ನು ಹೊಡೆದು, ಫೇರ್‌ವೇ ಎಂಬ ಉದ್ದನೆಯ ಹುಲ್ಲುಹಾದಿಯ ಮೇಲೆ ಅದನ್ನು ಸಾಗಿಸಿ, ಕೊನೆಗೆ ಗ್ರೀನ್ ಎಂಬ ನುಣುಪಾದ ಹಾಸಿನ ಮೇಲೆ ಮೆಲ್ಲನೆ ಉರುಳಿಸಿ ಕುಳಿಗೆ ಬೀಳಿಸಬೇಕು. ಫೇರ್‌ವೇಯ ಎರಡು ಕಡೆಗಳಲ್ಲಿ ರಫ್ ಎಂಬ ಎತ್ತರದ ಹುಲ್ಲೂ ಅಲ್ಲಲ್ಲಿ ಬಂಕರ್ ಎಂಬ ಮರಳುಗುಂಡಿಗಳೂ ಇರುತ್ತವೆ. ಚೆಂಡಿನ ತೂಕ 45.93 ಗ್ರಾಮಿಗಿಂತ ಹೆಚ್ಚಿರಕೂಡದು. ಕುಳಿಯ ವ್ಯಾಸ 108 ಮಿಲಿಮೀಟರು. ಈ ಅಳತೆ 1891ರಲ್ಲಿ ಗೊತ್ತಾಯಿತು. ಇಷ್ಟು ಹಗುರವಾದ ಚೆಂಡು ಅಷ್ಟು ಚಿಕ್ಕ ಕುಳಿಯತ್ತ ಅಡ್ಡಿಯಿಲ್ಲದೆ ಉರುಳಬೇಕಾದರೆ ಗ್ರೀನಿನ ಹುಲ್ಲನ್ನು ಸುಮಾರು 3 ಮಿಲಿಮೀಟರಿನ ಎತ್ತರಕ್ಕೆ ಕತ್ತರಿಸಬೇಕಾಗುತ್ತದೆ. ಎರಡು ಮೂರು ನಾಣ್ಯಗಳನ್ನು ಒಂದರ ಮೇಲೊಂದಿಟ್ಟರೆ ಆಗುವಷ್ಟು ಎತ್ತರ ಅದು.

ಇಲ್ಲಿಯೇ ತೊಂದರೆಯ ಮೂಲವಿದೆ. ಎಲೆಯು ಸಸ್ಯದ ಅಡಿಗೆಮನೆ. ಸೂರ್ಯನ ಬೆಳಕಿನ ಸಹಾಯದಿಂದ ನೀರನ್ನೂ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನೂ ಕೂಡಿಸಿ ಆಹಾರವನ್ನು ತಯಾರಿಸುವ ಕೆಲಸ ನಡೆಯುವುದು ಎಲೆಯಲ್ಲಿ. ದಿನಂಪ್ರತಿ ಎಲೆಯನ್ನು ಕತ್ತರಿಸುತ್ತ ಹೋದರೆ ಆಹಾರ ಕಡಿಮೆಯಾಗಿ, ಬೇರು ಮೊಟಕಾಗುತ್ತದೆ. ಬೇರು ಮೊಟಕಾದರೆ ಆಳದ ನೀರು ಎಟಕುವುದಿಲ್ಲ. ಹುಲ್ಲಿನ ಬೆಳೆಯುವ ತುದಿ ನೆಲಕ್ಕೆ ಅಂಟಿಕೊಂಡಿರುವುದರಿಂದಲೇ ಅದು ಈ ಹಿಂಸೆಯನ್ನು ತಾಳಿಕೊಂಡು ಬದುಕುತ್ತದೆ. ಬೇರೆ ಸಸ್ಯವಾಗಿದ್ದರೆ ಎಂದೋ ಸಾಯುತ್ತಿತ್ತು. ಆದಕಾರಣ ಗ್ರೀನಿನ ಹುಲ್ಲು ಸದಾ ಹಸಿವಿನ ಅಂಚಿನಲ್ಲಿರುವ ಸಸ್ಯವೆನ್ನಬಹುದು. ಮಣ್ಣು, ನೀರು, ಬೆಳಕು, ಇವುಗಳಲ್ಲಿ ಯಾವುದೊಂದು ಕೆಟ್ಟರೂ ಮೊದಲು ನರಳುವುದು ಅದೇ.

ಉಷ್ಣಪ್ರದೇಶಗಳ ಗ್ರೀನುಗಳಲ್ಲಿ ಹೆಚ್ಚಾಗಿ ಬೆಳೆಸುವುದು ನಮಗೆಲ್ಲ ಪರಿಚಯವಾದ ಒಂದು ಹುಲ್ಲಿನ ವಂಶಜರನ್ನು. ಗಣಪತಿಯ ಪೂಜೆಗೆ ನಾವು ಕೊಯ್ದು ತರುವ ಗರಿಕೆಯೇ ಅದು. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಸೈನೊಡಾನ್ ಡ್ಯಾಕ್ಟಿಲಾನ್ ಎಂದು ಹೆಸರು. ಅಮೆರಿಕದವರು ಅದನ್ನು ಬರ್ಮುಡಾ ಹುಲ್ಲು ಎನ್ನುತ್ತಾರೆ. ಅಲ್ಲಿನ ಜಾರ್ಜಿಯಾ ಸಂಸ್ಥಾನದ ಟಿಫ್ಟನ್ ಎಂಬಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ ಗರಿಕೆಯನ್ನು ಆಫ್ರಿಕದ ಸಣ್ಣೆಲೆಯ ಸೋದರಜಾತಿಯೊಂದಿಗೆ ಕೂಡಿಸಿ ಸಂಕರತಳಿಗಳನ್ನು ಸೃಷ್ಟಿಸಿದನು. 1956ರ ಟಿಫ್‌ಗ್ರೀನ್, 1965ರ ಟಿಫ್‌ಡ್ವಾರ್ಫ್ ಇವುಗಳಲ್ಲಿ ಹೆಸರಾದವು. ಇವು ಬೀಜದಿಂದ ಹುಟ್ಟುವುದಿಲ್ಲ. ತುಂಡುಗಳನ್ನು ನೆಟ್ಟು ಬೆಳೆಸಬೇಕು. ಹೀಗಾಗಿ ಒಂದು ಗ್ರೀನಿನಲ್ಲಿರುವ ಹುಲ್ಲೆಲ್ಲವೂ ಒಂದೇ ಗಿಡದ ಸಂತಾನವಾಗಿ, ಬಣ್ಣದಲ್ಲಿಯೂ ಎಲೆಯ ಅಗಲದಲ್ಲಿಯೂ ಏಕರೂಪವಾಗಿರತಕ್ಕದ್ದು. ಗ್ರೀನಿನ ನಡುವೆ ಬೇರೆ ಬಣ್ಣದ, ಬೇರೆ ಒರಟಿನ ತೇಪೆಗಳು ಕಂಡರೆ ಪರಜಾತಿಯ ಹುಲ್ಲು ನುಗ್ಗಿದೆಯೆಂದೂ, ಅದನ್ನು ಕಿತ್ತುಹಾಕುವವರು ಇಲ್ಲವೆಂದೂ ತಿಳಿಯಬೇಕು. ಇದು ಮೊದಲನೆಯ ಗುರುತು.

ಮಣ್ಣಿನ ಉಸಿರು

ಗಾಲ್ಫ್ ಆಟ ಬೆಳೆದದ್ದು ಸ್ಕಾಟ್‌ಲೆಂಡಿನ ಕರಾವಳಿಯಲ್ಲಿ. ಜನ ಬಿಲ್ವಿದ್ಯೆಯನ್ನು ಬಿಟ್ಟು ಈ ಆಟಕ್ಕೆ ಮರುಳಾದರೆಂದು ಅಲ್ಲಿನ ಪಾರ್ಲಿಮೆಂಟು 1457ರಲ್ಲಿಯೇ ಅದನ್ನು ನಿಷೇಧಿಸಿತ್ತು. ಸಮುದ್ರಕ್ಕೂ ಹೊಲಗಳಿಗೂ ನಡುವೆ ಬಿದ್ದಿದ್ದ ಮರಳುನೆಲ ಬೇಸಾಯಕ್ಕೆ ಬಾರದು. ಆದರೆ ಮಳೆ ಬಿದ್ದೊಡನೆ ನೀರು ಅದರೊಳಗೆ ಇಂಗುತ್ತಿತ್ತು. ತೆಳುವಾದ, ಗಟ್ಟಿಮುಟ್ಟಾದ ಹುಲ್ಲು ಅದರ ಮೇಲೆ ಹಬ್ಬುತ್ತಿತ್ತು. ಕುರಿಗಳೂ ಮೊಲಗಳೂ ಅದನ್ನು ಮೇದು ಸಮಮಾಡುತ್ತಿದ್ದವು. ಅಲ್ಲಿ ಪ್ರಕೃತಿಯೇ ಮೈದಾನದ ಮೇಲ್ವಿಚಾರಕ. ಆಟವು ಲೋಕವನ್ನೆಲ್ಲ ಸುತ್ತಿ, 1829ರಲ್ಲಿ ಕಲ್ಕತ್ತೆಗೂ 1876ರಲ್ಲಿ ಬೆಂಗಳೂರಿಗೂ ಬಂದಾಗ ಆ ಮರಳುನೆಲ ಜೊತೆಗೆ ಬರಲಿಲ್ಲ. ಬಂಗಾಳದ ಮೆಕ್ಕಲುಮಣ್ಣಿನಲ್ಲಿಯೂ ನಮ್ಮ ಕೆಮ್ಮಣ್ಣಿನಲ್ಲಿಯೂ ಕರಾವಳಿಯ ಮರಳಿನ ಗುಣಗಳನ್ನು ಮನುಷ್ಯನು ಶ್ರಮದಿಂದ ತರಬೇಕಾಯಿತು. ಮೈದಾನದ ಪಾಲನೆಯೆಂದರೆ ಮುಖ್ಯವಾಗಿ ಈ ಶ್ರಮವೇ.

ಬೇರು ಉಸಿರಾಡುತ್ತದೆ, ಅದಕ್ಕೆ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿರುವ ಗಾಳಿಯಿಂದ ಅದು ದೊರೆಯುತ್ತದೆ. ದಿನವೂ ನೂರಾರು ಕಾಲುಗಳು ತುಳಿದು, ಯಂತ್ರಗಳು ಓಡಾಡಿದರೆ ಜೇಡಿಮಣ್ಣಿನ ಕಣಗಳು ಒತ್ತಿಕೊಂಡು ಸಂದುಗಳು ಮುಚ್ಚಿಹೋಗುತ್ತವೆ. ಇದರ ಜೊತೆಗೆ, ಸತ್ತ ಎಲೆಕಾಂಡಗಳು ಕೊಳೆಯುವುದಕ್ಕಿಂತ ವೇಗವಾಗಿ ಶೇಖರವಾದರೆ ಹುಲ್ಲಿಗೂ ಮಣ್ಣಿಗೂ ನಡುವೆ ಒಂದು ಮೆತ್ತೆ ಬೆಳೆಯುತ್ತದೆ. ತೆಳುವಾಗಿದ್ದರೆ ಅದರಿಂದ ಹಾನಿಯಿಲ್ಲ. ಒಂದೂಕಾಲು ಸೆಂಟಿಮೀಟರನ್ನು ಮೀರಿದರೆ ಅದು ಸ್ಪಂಜಿನಂತೆ ನೀರನ್ನು ಮೇಲೆಯೇ ಹಿಡಿದುಕೊಂಡು, ಬೇರುಗಳು ಕೆಳಗಿಳಿಯದೆ ಮೆತ್ತೆಯಲ್ಲಿಯೇ ಸುತ್ತಾಡುವಂತೆ ಮಾಡುತ್ತದೆ. ನಡೆಯುವಾಗ ಗ್ರೀನು ಹಾಸಿಗೆಯಂತೆ ಅದುಮಿದರೆ ಸುಖವೆನಿಸಬಹುದು. ವಾಸ್ತವದಲ್ಲಿ ಅದು ಮೆತ್ತೆ ದಪ್ಪವಾಗಿರುವುದರ ಲಕ್ಷಣ.

ಇದಕ್ಕೆ ಪರಿಹಾರ ಹಳೆಯದು. ಸೇಂಟ್ ಆಂಡ್ರೂಸ್ ಮೈದಾನವನ್ನು 1860ರ ದಶಕದಿಂದ 1903ರ ವರೆಗೆ ನೋಡಿಕೊಂಡ ಟಾಮ್ ಮಾರಿಸನು ಗ್ರೀನುಗಳ ಮೇಲೆ ಮತ್ತೆ ಮತ್ತೆ ಮರಳನ್ನು ಎರಚುವ ಪದ್ಧತಿಯನ್ನು ರೂಢಿಗೆ ತಂದನು. ಈಗ ಯಂತ್ರದಿಂದ ಬೆರಳುಗಾತ್ರದ ಮಣ್ಣಿನ ತಿರುಳುಗಳನ್ನು ಕಿತ್ತು ತೆಗೆದು, ಆ ರಂಧ್ರಗಳಿಗೆ ಮರಳನ್ನು ತುಂಬುತ್ತಾರೆ. ಹೀಗೆ ಮಾಡಿದ ಕೆಲವು ದಿನ ಗ್ರೀನು ಸಿಡುಬಿನ ಕಲೆಗಳಿರುವ ಮುಖದಂತೆ ಕಾಣುತ್ತದೆ. ಅದನ್ನು ಕಂಡು ಮೈದಾನ ಹಾಳಾಗಿದೆಯೆಂದು ಹಿಂದಿರುಗುವವನು ಮೋಸಹೋಗುತ್ತಾನೆ. ಎಂದೂ ರಂಧ್ರ ಕಾಣದ ಗ್ರೀನಿಗಿಂತ ವರ್ಷಕ್ಕೆ ಒಂದೆರಡು ಸಲ ರಂಧ್ರ ಕಾಣುವ ಗ್ರೀನು ಮೇಲು.

ಬೇರನ್ನು ಕಣ್ಣಾರೆ ಕಾಣಲು ಒಂದು ಸುಲಭವಾದ ಉಪಾಯವಿದೆ. ಒಂದೇ ಕಡೆ ತುಳಿತ ಹೆಚ್ಚಾಗಬಾರದೆಂದು ಕುಳಿಯ ಸ್ಥಾನವನ್ನು ಆಗಾಗ ಬದಲಾಯಿಸುತ್ತಾರೆ. ಮುಂಜಾನೆ ಕೆಲಸಗಾರನು ಹೊಸ ಕುಳಿಯನ್ನು ಕೊರೆದಾಗ ಅಷ್ಟೇ ವ್ಯಾಸದ ಮಣ್ಣಿನ ಗಟ್ಟಿಯೊಂದು ಹುಲ್ಲುಸಹಿತ ಮೇಲಕ್ಕೆ ಬರುತ್ತದೆ; ಅದರಿಂದ ಹಳೆಯ ಕುಳಿಯನ್ನು ಮುಚ್ಚುತ್ತಾನೆ. ಅನುಮತಿ ಪಡೆದು ಆ ಹೊತ್ತಿನಲ್ಲಿ ಹತ್ತಿರ ನಿಂತರೆ ಮೈದಾನದ ಒಳಗುಟ್ಟು ತಾನಾಗಿ ಬಯಲಾಗುತ್ತದೆ. ಬಿಳಿಯ ಬೇರುಗಳು ಹತ್ತು ಸೆಂಟಿಮೀಟರಿಗೂ ಕೆಳಗೆ ಇಳಿದಿದ್ದರೆ ಸಂತೋಷ. ಕಂದುಬಣ್ಣದ ಬೇರುಗಳು ಮೇಲಿನ ಎರಡು ಮೂರು ಸೆಂಟಿಮೀಟರಿನಲ್ಲೇ ನಿಂತಿದ್ದರೆ ಆ ಗ್ರೀನು ಒಂದು ವಾರದ ಬಿಸಿಲನ್ನು ತಡೆಯಲಾರದು. ಮಣ್ಣಿನ ನಡುವೆ ಕಪ್ಪು ಪಟ್ಟಿಯೊಂದಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಗಳು ಗಂಧಕದ ಲವಣಗಳಿಂದ ಹೈಡ್ರೊಜನ್ ಸಲ್ಫೈಡನ್ನು ಬಿಡಿಸುತ್ತವೆ. ಅದು ಮಣ್ಣಿನ ಕಬ್ಬಿಣದೊಡನೆ ಸೇರಿ ಕಪ್ಪಗಾಗುತ್ತದೆ. ಆ ಪಟ್ಟಿ ಇರುವಲ್ಲಿ ಉಸಿರಾಟವಿಲ್ಲವೆಂದೇ ಅರ್ಥ.

ನೀರು ಹೋಗುವ ದಾರಿ

ನೀರು ಇಂಗುವ ಬಗೆಯನ್ನು ತಿಳಿಯಲು ವಾಚಕರು ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಬಹುದು. ಇಟ್ಟಿಗೆಯಾಕಾರದ ಸ್ಪಂಜೊಂದನ್ನು ನೀರಿನಲ್ಲಿ ಪೂರ್ತಿಯಾಗಿ ನೆನೆಸಿ, ಅಗಲವಾದ ಮುಖ ಕೆಳಗಾಗುವಂತೆ ಹಿಡಿದುಕೊಳ್ಳಿರಿ. ಸ್ವಲ್ಪ ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಹಿಂಡದೆ, ಅಲುಗಿಸದೆ ಅದನ್ನು ಮೆಲ್ಲನೆ ನೆಟ್ಟಗೆ ನಿಲ್ಲಿಸಿರಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ; ರಂಧ್ರಗಳೂ ಅವೇ; ಆದರೆ ನೀರಿನ ಕಂಬದ ಎತ್ತರ ಹೆಚ್ಚಾಯಿತು. ಸಣ್ಣ ರಂಧ್ರಗಳ ಕೇಶಾಕರ್ಷಣವು ಒಂದು ಎತ್ತರದವರೆಗಿನ ನೀರನ್ನು ಮಾತ್ರ ಹಿಡಿದಿಡಬಲ್ಲದು. ಅದಕ್ಕೆ ಮೀರಿದ್ದನ್ನು ಗುರುತ್ವಾಕರ್ಷಣವು ಕೆಳಕ್ಕೆಳೆಯುತ್ತದೆ.

ಅಮೆರಿಕದ ಗಾಲ್ಫ್ ಸಂಸ್ಥೆಯು 1960ರಲ್ಲಿ ಪ್ರಕಟಿಸಿದ ಗ್ರೀನ್ ನಿರ್ಮಾಣಕ್ರಮವು ಈ ತತ್ತ್ವವನ್ನೇ ಆಧರಿಸಿದೆ. ತಳದಲ್ಲಿ ನೀರು ಹೊರಹೋಗುವ ಕೊಳವೆಗಳು, ಅದರ ಮೇಲೆ ಸುಮಾರು 10 ಸೆಂಟಿಮೀಟರು ಜಲ್ಲಿ, ಅದರ ಮೇಲೆ ಸುಮಾರು 30 ಸೆಂಟಿಮೀಟರು ಮರಳುಪ್ರಧಾನವಾದ ಮಣ್ಣು. ಜಲ್ಲಿಯಿದ್ದರೆ ನೀರು ತಟ್ಟನೆ ಇಳಿದುಹೋಗುವುದೆಂದು ತೋರಬಹುದು, ನಡೆಯುವುದು ಬೇರೆ. ಮರಳಿನ ಸಣ್ಣ ಸಂದುಗಳು ನೀರನ್ನು ಹಿಡಿದಿದ್ದು, ಜಲ್ಲಿಯ ದೊಡ್ಡ ಸಂದುಗಳಿಗೆ ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮರಳಿನ ತಳಭಾಗ ನೆನೆದು ತುಂಬಿದ ಮೇಲೆಯೇ ಹೆಚ್ಚಿನ ನೀರು ಜಲ್ಲಿಗೆ ಇಳಿಯುತ್ತದೆ. ಇದರಿಂದ ಬಿಸಿಲಿಗೆ ಒಂದಿಷ್ಟು ನೀರಿನ ಉಳಿತಾಯ, ಮಳೆಗೆ ಬೇಗನೆ ಬಸಿತ, ಎರಡೂ ಸಾಧಿಸುತ್ತವೆ.

ಆದಕಾರಣ ಮೈದಾನವನ್ನು ನೋಡಲು ಬಿಸಿಲಿನ ಒಳ್ಳೆಯ ದಿನವೊಂದನ್ನೇ ಆರಿಸಬಾರದು. ಜೋರಾದ ಮಳೆ ಬಿದ್ದು ನಿಂತ ಮೇಲೆ ಒಂದೆರಡು ಗಂಟೆ ಬಿಟ್ಟು ಹೋಗಿ ನೋಡಬೇಕು. ಗ್ರೀನುಗಳ ಮೇಲೆ ನೀರು ಇನ್ನೂ ನಿಂತಿದೆಯೆ? ಫೇರ್‌ವೇಗಳ ತಗ್ಗುಗಳಲ್ಲಿ ಪಾಚಿಯ ಕಪ್ಪು ಹೊರಪದರವಿದೆಯೆ? ಬಂಕರುಗಳ ಇಳಿಜಾರಿನಿಂದ ಮರಳು ಕೊಚ್ಚಿಹೋಗಿ ಕೆಳಗಿನ ಕೆಮ್ಮಣ್ಣು ಮೇಲೆ ಬಂದಿದೆಯೆ? ಆ ದಿನ ಒಂದು ಗಂಟೆಯಲ್ಲಿ ತಿಳಿಯುವುದು ಒಣದಿನಗಳ ಹತ್ತು ಭೇಟಿಗಳಲ್ಲಿಯೂ ತಿಳಿಯದು.

ನೀರು ಬರುವ ದಾರಿ

ಎರಡನೆಯ ಭೇಟಿಯನ್ನು ಏಪ್ರಿಲಿನ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಕು. ಹುಲ್ಲಿನ ಮೇಲೆ ನಡೆದು ಹಿಂದಿರುಗಿ ನೋಡಿದರೆ, ನೀರು ಸಾಕಷ್ಟಿರುವ ಹುಲ್ಲು ತುಳಿದೊಡನೆ ಮೇಲೇಳುತ್ತದೆ. ಎಲೆಯ ಕೋಶಗಳಲ್ಲಿ ನೀರಿನ ಒತ್ತಡ ಕಡಿಮೆಯಾದ ಹುಲ್ಲು ಮಲಗಿದಲ್ಲಿಯೇ ಇದ್ದು, ಹೆಜ್ಜೆಗುರುತು ಬಹಳ ಹೊತ್ತು ಉಳಿಯುತ್ತದೆ, ಬಣ್ಣವೂ ನೀಲಿಬೂದಿಯಾಗುತ್ತದೆ. ಒಂದು ಗ್ರೀನಿನ ಕೆಲವು ಭಾಗಗಳಲ್ಲಿ ಮಾತ್ರ ಹೀಗಾಗಿದ್ದರೆ ನೀರು ಚಿಮುಕಿಸುವ ಕೊಳವೆಗಳು ಸಮನಾಗಿ ಹಂಚುತ್ತಿಲ್ಲವೆಂದು ಶಂಕಿಸಬೇಕು. ಪಾಲಕರು ಇದನ್ನು ಪರೀಕ್ಷಿಸುವ ವಿಧಾನ ಸರಳ: ಒಂದೇ ಅಳತೆಯ ಡಬ್ಬಿಗಳನ್ನು ಸಾಲಾಗಿಟ್ಟು, ಕಾಲು ಗಂಟೆ ನೀರು ಬಿಟ್ಟು, ಒಂದೊಂದರಲ್ಲಿ ಎಷ್ಟು ತುಂಬಿತೆಂದು ಅಳೆಯುವುದು. ಈ ಪರೀಕ್ಷೆಯನ್ನು ಎಂದು ಮಾಡಿದರೆಂದು ಕೇಳುವುದು ತಕ್ಕ ಪ್ರಶ್ನೆ.

ನೀರಿನ ಪ್ರಮಾಣವನ್ನೂ ಲೆಕ್ಕಹಾಕೋಣ. ಒಂದು ಹೆಕ್ಟೇರಿನ ಮೇಲೆ 1 ಮಿಲಿಮೀಟರು ನೀರು ನಿಲ್ಲಬೇಕಾದರೆ 10,000 ಲೀಟರು ಬೇಕು. ಬೇಸಗೆಯಲ್ಲಿ ಹುಲ್ಲುನೆಲವು ದಿನಕ್ಕೆ 5 ಮಿಲಿಮೀಟರು ನೀರನ್ನು ಆವಿಯಾಗಿ ಕಳೆದುಕೊಳ್ಳುವುದೆಂದೂ, ನೀರುಣಿಸುವ ಹುಲ್ಲು 20 ಹೆಕ್ಟೇರು ಇದೆಯೆಂದೂ ಇಟ್ಟುಕೊಂಡರೆ, ಒಂದು ದಿನಕ್ಕೆ 10 ಲಕ್ಷ ಲೀಟರಾಯಿತು. ನಮ್ಮ ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರೆಂಬ ರೂಢಿಯ ಪ್ರಮಾಣದಂತೆ ಇದು ಏಳು ಸಾವಿರಕ್ಕೂ ಹೆಚ್ಚು ಜನರ ನೀರು. ಬೆಂಗಳೂರಿನಲ್ಲಿ ಕೊಳವೆಬಾವಿಗಳು ಬತ್ತಿ ಹಾಹಾಕಾರವಾದ 2024ರ ಮಾರ್ಚಿಯಲ್ಲಿ, ಕುಡಿಯುವ ನೀರನ್ನು ತೋಟಗಳಿಗೂ ವಾಹನ ತೊಳೆಯುವುದಕ್ಕೂ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಲಿಯು ಸಾರಬೇಕಾಯಿತು. ಹೀಗಿರಲಾಗಿ, ಈ ಮೈದಾನದ ನೀರು ಎಲ್ಲಿಂದ ಬರುತ್ತದೆ ಎಂಬುದು ಆಟಗಾರನೊಬ್ಬನ ಸ್ವಂತ ಪ್ರಶ್ನೆ ಮಾತ್ರವಲ್ಲ, ಊರಿನ ಪ್ರಶ್ನೆಯೂ ಹೌದು. ಊರವರ ಕುಡಿಯುವ ನೀರಿನ ಮೇಲೆ ನಿಂತ ಹಸುರು ನ್ಯಾಯವೂ ಅಲ್ಲ, ಸ್ಥಿರವೂ ಅಲ್ಲ.

ಮಳೆನೀರಿನ ಕೆರೆಯಿದ್ದರೆ, ಅಥವಾ ಶುದ್ಧೀಕರಿಸಿದ ಚರಂಡಿನೀರನ್ನು ಬಳಸುತ್ತಿದ್ದರೆ ಮೆಚ್ಚತಕ್ಕದ್ದು. ಆದರೆ ಶುದ್ಧೀಕರಿಸಿದ ನೀರಿನಲ್ಲಿ ಲವಣಗಳು ಉಳಿದಿರುತ್ತವೆ. ಅವುಗಳಲ್ಲಿ ಸೋಡಿಯಂ ಹೆಚ್ಚಾದರೆ ಜೇಡಿಯ ಕಣಗಳ ಮುದ್ದೆಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ. ಜಿಪ್ಸಂ ಹಾಕಿ, ಆಗಾಗ ಹೆಚ್ಚು ನೀರು ಹರಿಸಿ ಲವಣವನ್ನು ತೊಳೆಯಬೇಕಾಗುತ್ತದೆ. ನೀರಿನ ಮತ್ತು ಮಣ್ಣಿನ ಪರೀಕ್ಷೆಯ ವರದಿಗಳನ್ನು ಇಟ್ಟುಕೊಂಡಿರುವ ಕ್ಲಬ್ಬು ಈ ಕಷ್ಟವನ್ನು ಬಲ್ಲುದೆಂದು ಹೇಳಬಹುದು. ಇನ್ನೊಂದು ಮಾತು: ಬೇಸಗೆಯಲ್ಲಿ ಅಂಚಿನ ರಫ್ ಒಣಗಿ ಕಂದಾಗಿದ್ದರೆ ಅದನ್ನು ಅಲಕ್ಷ್ಯವೆಂದು ಎಣಿಸಕೂಡದು. ಗರಿಕೆಗೆ ಬರವನ್ನು ಮಲಗಿಯೇ ಕಳೆದು, ಮೊದಲ ಮಳೆಗೆ ಚಿಗುರುವ ಶಕ್ತಿಯುಂಟು. ಆ ಕಂದು ಮಿತವ್ಯಯದ ಗುರುತು.

ಎಲೆ ಮತ್ತು ಚೆಂಡಿನ ಸಾಕ್ಷ್ಯ

ಈಗ ಮೊಣಕಾಲೂರಿ ಎಲೆಯ ತುದಿಯನ್ನು ನೋಡೋಣ, ಭೂತಗನ್ನಡಿಯಿದ್ದರೆ ಉತ್ತಮ. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗನು ಬಟ್ಟೆಯ ಗಿರಣಿಯಲ್ಲಿ ನೂಲಿನ ಜುಂಗನ್ನು ಕತ್ತರಿಸುವ ಯಂತ್ರವನ್ನು ಕಂಡು, 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ರಚಿಸಿದನು. ಸುರುಳಿಯಾಕಾರದ ಅಲಗುಗಳು ಸುತ್ತುತ್ತ ಕೆಳಗಿನ ಸ್ಥಿರವಾದ ಅಲಗಿಗೆ ತಾಗಿ, ಕತ್ತರಿಯಂತೆ ಎಲೆಯನ್ನು ತುಂಡರಿಸುತ್ತವೆ. ಗ್ರೀನುಗಳಿಗೆ ಇಂದಿಗೂ ಇದೇ ಬಗೆಯ ಯಂತ್ರ. ಅಲಗು ಹರಿತವಾಗಿದ್ದರೆ ತುದಿ ನೇರವಾಗಿರುತ್ತದೆ. ಮೊಂಡಾಗಿದ್ದರೆ ಎಲೆ ಹರಿದು, ಎಳೆಎಳೆಯಾಗಿ, ಮರುದಿನ ಬೆಳ್ಳಗೆ ಒಣಗುತ್ತದೆ. ಹರಿದ ಗಾಯವು ರೋಗದ ಶಿಲೀಂಧ್ರಗಳಿಗೆ ಬಾಗಿಲು. ಗ್ರೀನಿನ ಮೇಲೆ ನಾಣ್ಯದಗಲದ ಒಣಹುಲ್ಲುಬಣ್ಣದ ಚುಕ್ಕೆಗಳೂ, ಮುಂಜಾನೆಯ ಇಬ್ಬನಿಯಲ್ಲಿ ಜೇಡರ ಬಲೆಯಂತಹ ಎಳೆಗಳೂ ಕಂಡರೆ ಶಿಲೀಂಧ್ರವು ಆಗಲೇ ಒಳಹೊಕ್ಕಿದೆ. ಮರಗಳ ದಟ್ಟನೆರಳಿನಲ್ಲಿರುವ ಗ್ರೀನುಗಳನ್ನು ವಿಶೇಷವಾಗಿ ನೋಡಬೇಕು. ಗರಿಕೆಗೆ ನೆರಳು ಒಗ್ಗದು.

ಕೊನೆಯದಾಗಿ ಚೆಂಡಿನ ಸಾಕ್ಷ್ಯ. 1935ರಲ್ಲಿ ಅಮೆರಿಕದ ಓಕ್‌ಮಾಂಟಿನಲ್ಲಿ ನಡೆದ ಪಂದ್ಯದಲ್ಲಿ ಪ್ರಖ್ಯಾತ ಆಟಗಾರ ಜೀನ್ ಸಾರಜೆನ್ನನ ಚೆಂಡು ಗ್ರೀನಿನಿಂದ ಜಾರಿ ಬಂಕರಿಗೆ ಬಿತ್ತು. ಅದನ್ನು ಕಂಡ ಎಡ್ವರ್ಡ್ ಸ್ಟಿಂಪ್ಸನ್ ಎಂಬಾತನು ಗ್ರೀನಿನ ವೇಗವನ್ನು ಅಳೆಯಲು ಒಂದು ಸಾಧನವನ್ನು ಯೋಚಿಸಿದನು. ಅದರ ಸುಧಾರಿಸಿದ ರೂಪವು 1978ರಿಂದ ಮೈದಾನಗಳ ಪಾಲಕರಿಗೆ ದೊರೆಯುತ್ತಿದೆ. ಸ್ಟಿಂಪ್‌ಮೀಟರ್ ಎಂದು ಅದರ ಹೆಸರು. ಅದು ಗಾಡಿ ತೋಡಿರುವ 36 ಅಂಗುಲದ ಒಂದು ಪಟ್ಟಿ. ಮೇಲ್ತುದಿಯ ಬಳಿಯ ಕಚ್ಚಿನಲ್ಲಿ ಚೆಂಡನ್ನಿಟ್ಟು ಪಟ್ಟಿಯನ್ನು ಮೆಲ್ಲನೆ ಎತ್ತಿದರೆ, ಸುಮಾರು 20 ಡಿಗ್ರಿಯಲ್ಲಿ ಚೆಂಡು ತಾನಾಗಿ ಹೊರಟು, ಸೆಕೆಂಡಿಗೆ ಸುಮಾರು 1.8 ಮೀಟರು ವೇಗದಲ್ಲಿ ಗ್ರೀನಿಗಿಳಿಯುತ್ತದೆ. ಹೊರಡುವ ವೇಗ ಯಾವಾಗಲೂ ಒಂದೇ ಆದುದರಿಂದ, ಅದು ಉರುಳುವ ದೂರ ಹುಲ್ಲಿನ ತಡೆಯನ್ನು ತೋರಿಸುತ್ತದೆ: ತಡೆ ಅರ್ಧವಾದರೆ ದೂರ ಎರಡರಷ್ಟು. ಸಮತಟ್ಟಾದ ಜಾಗದಲ್ಲಿ ಮೂರು ಚೆಂಡುಗಳನ್ನು ಒಂದು ದಿಕ್ಕಿಗೂ, ಮೂರನ್ನು ಅದಕ್ಕೆ ಎದುರಾಗಿಯೂ ಬಿಟ್ಟು ಸರಾಸರಿಯನ್ನು ಅಡಿಗಳಲ್ಲಿ ಹೇಳುತ್ತಾರೆ.

ಕ್ಲಬ್ಬುಗಳು ಈ ಅಂಕವನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಆದರೆ ವೇಗವೆಂದರೆ ಆರೋಗ್ಯವಲ್ಲ. ಹುಲ್ಲನ್ನು ಇನ್ನೂ ಮೋಟಾಗಿ ಕತ್ತರಿಸಿ, ಅಂದರೆ ಇನ್ನೂ ಹಸಿವಿಗೆ ನೂಕಿ, ಅಂಕವನ್ನು ಏರಿಸಬಹುದು. ಪರೀಕ್ಷಕನು ನೋಡಬೇಕಾದದ್ದು ಏಕರೂಪತೆಯನ್ನು. ಮೊದಲನೆಯ ಗ್ರೀನೂ ಹದಿನೆಂಟನೆಯ ಗ್ರೀನೂ ಹೆಚ್ಚುಕಡಿಮೆ ಒಂದೇ ದೂರವನ್ನು ತೋರಿಸುತ್ತವೆಯೆ? ನಿಲ್ಲುವ ಮುನ್ನ ಚೆಂಡು ಅತ್ತಿತ್ತ ಕುಪ್ಪಳಿಸದೆ ನೇರವಾಗಿ ಸಾಗುತ್ತದೆಯೆ? ಸ್ಟಿಂಪ್‌ಮೀಟರ್ ಇಲ್ಲದಿದ್ದರೆ ಗಟ್ಟಿಯಾದ ರಟ್ಟನ್ನು ಉದ್ದಕ್ಕೆ ಮಡಿಸಿ, ಯಾವಾಗಲೂ ಒಂದೇ ಎತ್ತರದಿಂದ ಚೆಂಡನ್ನು ಬಿಟ್ಟರೂ ಹೋಲಿಕೆಗೆ ಸಾಕು.

ಇಷ್ಟನ್ನೂ ನೋಡಿದ ಮೇಲೆ ಮೈದಾನದ ಮೇಲ್ವಿಚಾರಕರನ್ನು ಕಂಡು ಕೆಲವು ಪ್ರಶ್ನೆಗಳನ್ನು ಕೇಳಬೇಕು. ಗ್ರೀನುಗಳಿಗೆ ರಂಧ್ರ ಹಾಕಿದ್ದು ಯಾವಾಗ? ಮಣ್ಣಿನ ಪರೀಕ್ಷೆ ಆಗಿದೆಯೆ? ಔಷಧ ಸಿಂಪಡಿಸಿದ ದಿನ ಆಟಗಾರರಿಗೂ ಕೆಲಸಗಾರರಿಗೂ ತಿಳಿಸುವ ಏರ್ಪಾಡಿದೆಯೆ? ಅಲಗುಗಳಿಗೆ ಸಾಣೆ ಹಿಡಿಯುವವರು ಯಾರು? ದಿನಚರಿಯ ಪುಸ್ತಕವನ್ನು ತೆರೆದು ಉತ್ತರಿಸುವ ಮೇಲ್ವಿಚಾರಕನು ತನ್ನ ಕಷ್ಟಗಳನ್ನೂ ಬಚ್ಚಿಡುವುದಿಲ್ಲ. ಯಾವ ಕಷ್ಟವೂ ಇಲ್ಲವೆನ್ನುವವನ ಮಾತಿಗಿಂತ ಅವನ ಮಾತಿಗೆ ಬೆಲೆ ಹೆಚ್ಚು.

ವಾಚಕರಲ್ಲಿ ಬಹುಮಂದಿ ಗಾಲ್ಫ್ ಕ್ಲಬ್ಬನ್ನು ಸೇರದಿರಬಹುದು. ಆದರೆ ಪ್ರತಿಯೊಂದು ಶಾಲೆಗೂ ಕಾಲೇಜಿಗೂ ಒಂದು ಆಟದ ಬಯಲು ಇರತಕ್ಕದ್ದು. ಅಲ್ಲಿ ಮಳೆನೀರು ಎಲ್ಲಿ ನಿಲ್ಲುತ್ತದೆ, ಯಾವ ಮೂಲೆಯಲ್ಲಿ ಗರಿಕೆ ಹಬ್ಬದು, ಗೋಲಿನ ಮುಂದಿನ ನೆಲವೇಕೆ ಕಲ್ಲಾಗಿದೆ ಎಂಬುದನ್ನು ಒಂದು ಡಬ್ಬಿ, ಒಂದು ಗಡಿಯಾರ, ಒಂದು ಸಣ್ಣ ಸನಿಕೆಯ ಸಹಾಯದಿಂದ ನೀವೇ ಪರೀಕ್ಷಿಸಬಹುದು. ಎರಡು ಕಡೆಯೂ ತೆರೆದ ಡಬ್ಬಿಯನ್ನು ನೆಲಕ್ಕೆ ಒತ್ತಿ, ಒಂದು ಅಂಗುಲ ನೀರು ಹೊಯ್ದು, ಅದು ಇಂಗಲು ಎಷ್ಟು ಹೊತ್ತು ಬೇಕೆಂದು ಗುರುತುಹಾಕಿಕೊಳ್ಳಿರಿ. ತುಳಿತವಿರುವ ಕಡೆಯೂ ಇಲ್ಲದ ಕಡೆಯೂ ಹಾಗೆಯೇ ಮಾಡಿ ಹೋಲಿಸಿರಿ. ನಿಮ್ಮ ಬಯಲಿನ ಗರಿಕೆಯೂ ಆ ದುಬಾರಿ ಗ್ರೀನಿನ ಗರಿಕೆಯೂ ಒಂದೇ ವಂಶದವು. ಅವುಗಳಿಗೆ ಬೇಕಾದದ್ದೂ ಒಂದೇ: ಬೇರಿಗೆ ಗಾಳಿ, ಎಲೆಗೆ ಬಿಸಿಲು, ಬಂದ ನೀರಿಗೆ ಒಂದು ದಾರಿ.